ಬುಗ್ಗೆಯ ಸುಣ್ಣ

ಪಂಪಿನ ಕೊನೆಯ ಬೋಲ್ಟು ಸಡಿಲವಾದಾಗ ಬೆಯ್ಶೆನ್ ಅದನ್ನು ಒಡನೆಯೇ ಹೊರತೆಗೆಯಲಿಲ್ಲ. ಬಾನೆಟ್ಟಿನೊಳಗೆ ಬಹಳ ಹೊತ್ತಿನಿಂದ ಬಾಗಿ ನಿಂತಿದ್ದ ಅವನು ಮೊದಲು ಒಂದು ಕೈಯನ್ನು ಮಡ್‌ಗಾರ್ಡಿನ ಮೇಲೆ ಊರಿ, ನೋಯುವ ಬೆನ್ನನ್ನು ಮೆಲ್ಲಮೆಲ್ಲನೆ ನೆಟ್ಟಗೆ ಮಾಡಿಕೊಂಡನು. ಅನಂತರ ಎರಡು ಕೈಗಳಿಂದಲೂ ಹಿಡಿದು ಅಲುಗಿಸಿ ಪಂಪನ್ನು ಕಿತ್ತನು. ಅದರ ಹಿಂದೆಯೇ ತುಕ್ಕಿನ ಬಣ್ಣದ ನೀರು ಬಿಕ್ಕಳಿಸುತ್ತ ಹೊರಬಂದು, ಕೆಳಗಿಟ್ಟಿದ್ದ ತಗಡಿನ ಬೋಗುಣಿಯಲ್ಲಿ ಸುರಿದು ನಿಂತಿತು.

"ಬಾ ಇಲ್ಲಿ, ನೋಡು. ಇದು ಪಂಪೋ, ಮುದುಕನ ಬಾಯೋ?"

ಎಸೆನ್ ಗೋಣಿಚೀಲದ ಮೇಲೆ ಕುಳಿತು ಹಳೆಯ ರಬ್ಬರ್ ಕೊಳವೆಗಳ ಕ್ಲಿಪ್ಪುಗಳನ್ನು ಬಿಡಿಸುತ್ತಿದ್ದನು. ಏಳುವ ಮನಸ್ಸಾಗದೆ ಕುಳಿತಲ್ಲಿಂದಲೇ ಕೈ ಚಾಚಿ ಪಂಪನ್ನು ಇಸಿದುಕೊಂಡನು. ನೀರನ್ನು ತಳ್ಳಬೇಕಾದ ಅದರ ರೆಕ್ಕೆಗಳು ಸವೆದು, ಕೆಲವು ಬುಡದವರೆಗೂ ತಿಂದುಹೋಗಿದ್ದವು. ಉಳಿದವುಗಳ ಮೇಲೆ ಸುಣ್ಣದ ಬಿಳಿಯ ಹೊಪ್ಪಳೆ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಅವನು ಉಗುರಿನಿಂದ ಕೆರೆದನು, ಅದು ಅಲುಗಲಿಲ್ಲ.

"ತಿರುಗೋದೇನೋ ತಿರುಗ್ತಿತ್ತು," ಎಂದನು ಬೆಯ್ಶೆನ್. "ನೀರು ಮಾತ್ರ ಇದ್ದಲ್ಲೇ ಇರ್ತಿತ್ತು. ನಮ್ಮ ಗ್ರಾಮಸಭೆ ಥರ."

ಎಸೆನ್ ನಗಲಿಲ್ಲ. ನಾರಿನ್ ಪಟ್ಟಣದಿಂದ ರಾಜಧಾನಿ ಬಿಷ್ಕೆಕ್‌ಗೆ ಜನರನ್ನು ಕರೆದೊಯ್ದು ಕರೆತರುವುದು ಅವನ ಜೀವನೋಪಾಯ. ಆ ವಾರದ ಆರಂಭದಲ್ಲಿ ದೊಲೋನ್ ಘಟ್ಟದ ಏರಿನಲ್ಲಿ ಕಾರಿನ ಶಾಖದ ಮುಳ್ಳು ಕೆಂಪಿಗೆ ಏರಿ, ಬಾನೆಟ್ಟಿನ ಸಂದುಗಳಿಂದ ಆವಿ ಎದ್ದಿತ್ತು. ಪ್ರಯಾಣಿಕರು ತಮ್ಮ ಗಂಟುಮೂಟೆಗಳನ್ನು ಬೇರೊಂದು ಕಾರಿಗೆ ಸಾಗಿಸಿಕೊಂಡು ಹೊರಟುಹೋದರು. ಕುರಿ ಸಾಗಿಸುವ ಲಾರಿಯೊಂದು ಹಗ್ಗ ಕಟ್ಟಿ ಇವನನ್ನು ಊರಿಗೆ ಎಳೆದುತಂದಿತು. ಜರ್ಮನಿಯಲ್ಲಿ ಹುಟ್ಟಿ ಎಷ್ಟೋ ಕೈ ದಾಟಿ ಬಂದ ಕಾರು ಅದು. ದೂರ ಎಣಿಸುವ ಅಂಕಿಗಳು ಒಮ್ಮೆ ಪೂರ್ತಿ ಸುತ್ತಿ ಸೊನ್ನೆಗೆ ಮರಳಿ, ಮತ್ತೆ ಅರ್ಧ ದಾರಿ ನಡೆದು, ಆಮೇಲೆ ದಣಿದು ನಿಂತುಬಿಟ್ಟಿದ್ದವು. ಹೊಸ ಪಂಪು, ರೇಡಿಯೇಟರು, ಥರ್ಮೋಸ್ಟಾಟು, ಕೊಳವೆಗಳು ಎಲ್ಲವೂ ರಾಜಧಾನಿಯ ಬಜಾರಿನಿಂದ ಇನ್ನೊಬ್ಬ ಚಾಲಕನ ಕೈಯಲ್ಲಿ ನಿನ್ನೆ ಬಂದಿದ್ದವು. ಬೆಯ್ಶೆನ್ ಎಸೆನ್‌ನ ಅಕ್ಕನ ಗಂಡ. ಊರಿನ ಆ ತುದಿಯಲ್ಲಿ ಅವನ ರಿಪೇರಿ ಕೊಟ್ಟಿಗೆ ಇತ್ತು; ಈ ಕೆಲಸಕ್ಕೆ ಅವನೇ ಎಸೆನ್‌ನ ಅಂಗಳಕ್ಕೆ ಬಂದಿದ್ದನು.

"ಭಾವ, ಸಂಜೆಯೊಳಗೆ ಮುಗಿಯುತ್ತಾ? ನಾಳೆಗೆ ಜನ ಸೀಟು ಹೇಳಿದಾರೆ."

"ಮುಗಿಯುತ್ತೆ. ನಿಮ್ಮಕ್ಕನ್ನ ಕಟ್ಕೊಂಡಿದ್ದೇ ಒಂದು ಶಿಕ್ಷೆ ಅಂದ್ಕೊಂಡಿದ್ದೆ, ವರದಕ್ಷಿಣೆಗೆ ಈ ಕಾರನ್ನೂ ಕೊಡ್ತೀರಾ ಅಂತ ಗೊತ್ತಿರ್ಲಿಲ್ಲ."

"ಅಕ್ಕನ್ನ ವಾಪಸ್ ಕಳಿಸಿ. ಕಾರು ನಾನೇ ನೋಡ್ಕೋತೀನಿ."

"ಅವಳನ್ನ ಕಳಿಸಿದ್ರೆ ಬ್ರೆಡ್ ಸುಡೋರ್ಯಾರು?" ಬೆಯ್ಶೆನ್ ಹಳೆಯ ಥರ್ಮೋಸ್ಟಾಟನ್ನು ಗೋಣಿಯ ಮೇಲೆ ಎಸೆದನು. ಅದು ಬಿದ್ದ ಸದ್ದು ಲೋಹದ್ದಾಗಿರಲಿಲ್ಲ, ಕಲ್ಲಿನದಾಗಿತ್ತು. ಅವನ ಮಾತಿನ ಧ್ವನಿ ಬದಲಾಯಿತು. "ತಮಾಷೆ ಸಾಕು. ಇದರೊಳಗೆ ಏನು ಹಾಕ್ತಾ ಇದ್ದೆ ನೀನು?"

ಎಸೆನ್ ಮನೆಯ ಬಾಗಿಲಿನತ್ತ ನೋಡಿದನು. ಒಳಗೆ ತಾಯಿ ಜೂರಾಕಾನಳ ಕೆಮ್ಮು ಕೇಳಿಸಿತು. ಅವನು ತಲೆ ತಗ್ಗಿಸಿ ಮತ್ತೊಂದು ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ಇಟ್ಟನು. ಉತ್ತರ ಅಷ್ಟರಲ್ಲಿಯೇ ಇತ್ತು.

"ಅಯ್ಯೋ ಪುಣ್ಯಾತ್ಮ," ಎಂದನು ಬೆಯ್ಶೆನ್, ತಗ್ಗಿದ ದನಿಯಲ್ಲಿ. "ಇನ್ನೂ ನಡೀತಿದೆಯಾ ಅದು?"

ಜೂರಾಕಾನಳ ಗಂಡ ಸಾಮೂಹಿಕ ಕೃಷಿಕ್ಷೇತ್ರದ ಲಾರಿಯನ್ನು ಓಡಿಸುತ್ತಿದ್ದ ಕಾಲದಲ್ಲಿ ಚಳಿಗೆ ಹೆಪ್ಪುಗಟ್ಟದ ಕೂಲಂಟ್ ಎಂಬ ದ್ರವವು ಈ ಕಣಿವೆಗೆ ಕಾಲಿಟ್ಟಿರಲಿಲ್ಲ. ಸಂಜೆ ಮನೆಗೆ ಮರಳಿದ ಚಾಲಕನು ರೇಡಿಯೇಟರಿನ ನೀರನ್ನೆಲ್ಲ ನೆಲಕ್ಕೆ ಬಿಡಬೇಕು. ಮರೆತರೆ ಇರುಳಿನ ಚಳಿಗೆ ಅದು ಹೆಪ್ಪುಗಟ್ಟಿ ಎಂಜಿನ್ನನ್ನೇ ಸೀಳುವುದು. ಮುಂಜಾನೆ ಹೆಂಡತಿಯು ನೀರು ಕಾಯಿಸಿ, ಬಕೆಟ್ಟಿನಲ್ಲಿ ಹೊತ್ತುತಂದು ಮತ್ತೆ ತುಂಬಬೇಕು. ಎಲ್ಲ ಹೆಂಗಸರೂ ಕಾಲುವೆಯ ನೀರು ತರುತ್ತಿದ್ದರು. ಜೂರಾಕಾನ್ ಮಾತ್ರ ಊರ ಮೇಲಣ ದಿಣ್ಣೆಯ ಮಜಾರಿನ ಬುಗ್ಗೆಗೆ ಹೋಗುತ್ತಿದ್ದಳು. ಯಾವನೋ ಪುಣ್ಯಪುರುಷನ ಸಮಾಧಿಯ ಪಕ್ಕದಲ್ಲಿ, ಹರಕೆಯ ಬಟ್ಟೆಚೂರುಗಳನ್ನು ಉಟ್ಟ ವಿಲೋ ಮರದ ಬುಡದಲ್ಲಿ ಆ ನೀರು ಹುಟ್ಟುತ್ತಿತ್ತು. ದೇವರ ಹೆಸರು ಹೇಳಿಕೊಳ್ಳುತ್ತ ಅವಳು ಅದನ್ನು ಲಾರಿಗೆ ಎರೆಯುತ್ತಿದ್ದಳು. ಆ ಘಟ್ಟದ ದಾರಿಯಲ್ಲಿ ಎಷ್ಟೋ ಲಾರಿಗಳು ಕಮರಿಗೆ ಬಿದ್ದವು. ಅವಳ ಗಂಡ ಪಿಂಚಣಿಯ ತನಕ ಓಡಿಸಿ, ತನ್ನ ಹಾಸಿಗೆಯ ಮೇಲೆ, ಮಕ್ಕಳ ಮುಖ ನೋಡುತ್ತ ಕಣ್ಣುಮುಚ್ಚಿದನು.

ಹಿರಿಯ ಮಗ ತಲಾಯ್ ಕೊಂಡ ಕಾರಿನಲ್ಲಿ ವರ್ಷವಿಡೀ ಹಸಿರು ಕೂಲಂಟ್ ತುಂಬಿರುತ್ತಿತ್ತು. "ಅವ್ವ, ಇದು ನೀರು ಕುಡಿಯೋ ಗಾಡಿ ಅಲ್ಲ," ಎಂದು ನಕ್ಕು ಅವನು ತಾಯಿಯ ಕೈಯ ಪಾತ್ರೆಯನ್ನು ತೆಗೆದು ಕಟ್ಟೆಯ ಮೇಲಿಟ್ಟು ಹೊರಡುತ್ತಿದ್ದನು. ಆಲಿಕಲ್ಲು ಬೆರೆತ ಹಿಮ ಬೀಳುತ್ತಿದ್ದ ಒಂದು ಮಧ್ಯಾಹ್ನ ದೊಲೋನಿನ ಮೇಲಣ ತಿರುವಿನಲ್ಲಿ ಅವನ ಕಾರು ದಾರಿ ಬಿಟ್ಟು ಅವನನ್ನು ಬಲಿ ತೆಗೆದುಕೊಂಡಿತು. ಏಕೆಂದು ಯಾರಿಗೂ ತಿಳಿಯಲಿಲ್ಲ.

ಮನೆ ನಡೆಯಬೇಕಾಗಿತ್ತು, ಎಸೆನ್ ಈ ಹಳೆಯ ಕಾರನ್ನು ತಂದು ಅದೇ ದಾರಿಗೆ ಇಳಿದನು. ಮೊದಲ ದಿನ ಬೆಳಗ್ಗೆ ಜೂರಾಕಾನ್ ಹಿತ್ತಾಳೆಯ ಗಿಂಡಿಯನ್ನು ಹಿಡಿದು ಬಾನೆಟ್ಟಿನ ಮುಂದೆ ಬಂದು ನಿಂತಳು. ಏನೂ ಕೇಳಲಿಲ್ಲ. ಅವನೂ ಏನೂ ಹೇಳದೆ ಬಾನೆಟ್ಟನ್ನು ಎತ್ತಿದನು. ಅಂದಿನಿಂದ ಪ್ರತಿ ಪ್ರಯಾಣಕ್ಕೂ ಒಂದು ಗಿಂಡಿ ನೀರು. ಆಮೇಲೆ ಅಂಗೈಗಳನ್ನು ಬಿಡಿಸಿ ಹಿಡಿದು "ದಾರಿ ಬೆಳ್ಳಗಿರಲಿ" ಎಂದು ಪಯಣಕ್ಕೆ ಶುಭ ಕೋರುವ ಹಾರೈಕೆ. ಕಾರು ಎಲ್ಲೆಲ್ಲಿಯೋ ಸೋರುತ್ತ ಸದಾ ಬಾಯಾರಿರುತ್ತಿದ್ದುದರಿಂದ ಗಿಂಡಿಯ ನೀರಿಗೆ ಎಂದೂ ಜಾಗ ಕಡಿಮೆಯಾಗಲಿಲ್ಲ. ಅದು ಒಳ್ಳೆಯದಲ್ಲವೆಂದು ಎಸೆನ್ ಬಲ್ಲನು. ಚಳಿಗಾಲದಲ್ಲಿ ಊರಾಚೆಯ ಪೆಟ್ರೋಲ್ ಬಂಕಿನ ಹಿಂದೆ ನಿಂತು, ಒಂದಿಷ್ಟು ನೀರನ್ನು ಕೆಳಕ್ಕೆ ಬಿಟ್ಟು, ಕಳ್ಳನಂತೆ ಕೂಲಂಟ್ ಸುರಿದುಕೊಳ್ಳುತ್ತಿದ್ದನು; ಹಿಂದೊಮ್ಮೆ ಹಾಗೆ ಮಾಡುವಾಗ ಭಾವನ ಕಣ್ಣಿಗೂ ಬಿದ್ದಿದ್ದನು. ಒಂದೇ ಒಂದು ಸಲ, ರೋಗಿಯೊಬ್ಬನನ್ನು ಸಾಗಿಸುವ ಅವಸರದಲ್ಲಿ, ತಾಯಿ ಬುಗ್ಗೆಯಿಂದ ಮರಳುವ ಮುನ್ನವೇ ಹೊರಟುಹೋಗಿದ್ದನು. ಅಂದು ಕತ್ತಲಾದ ಮೇಲೆ ಮರಳಿದಾಗ ಅವಳು ಹಿಮದಲ್ಲಿ, ಗೇಟಿನ ಕಲ್ಲಿನ ಮೇಲೆ ಕುಳಿತಿದ್ದಳು. ಸೊಸೆ ಎಷ್ಟು ಬೇಡಿಕೊಂಡರೂ ಒಳಗೆ ಹೋಗಿರಲಿಲ್ಲವಂತೆ. ಆ ಚಳಿ ಅವಳ ಮಂಡಿಗಳನ್ನು ಹೊಕ್ಕಿದ್ದು ಮತ್ತೆ ಹೊರಬರಲಿಲ್ಲ.

"ಈಗ ಸರಿಯಾಗಿ ಕೇಳಿಸ್ಕೋ," ಎಂದನು ಬೆಯ್ಶೆನ್. "ಇವತ್ತು ಎಲ್ಲಾ ಹೊಸದು ಹಾಕ್ತೀನಿ. ಮುಚ್ಚಳ ಬಿಗಿ ಮಾಡಿದ ಮೇಲೆ ಈ ಗಾಡಿ ನೀರು ಕೇಳಲ್ಲ. ಆ ಬುಗ್ಗೆ ನೀರು ಒಂದು ಹನಿನೂ ಬೇಡ. ಇನ್ನೊಂದ್ಸಲ ಹೀಗೆ ಕಾದ್ರೆ ಎಂಜಿನ್ನಿನ ಹೆಡ್ಡೇ ಬಾಗುತ್ತೆ. ಆಮೇಲೆ ಇದ್ರಲ್ಲಿ ನೀನು ಕೋಳಿ ಸಾಕ್ಬಹುದು, ಅಷ್ಟೇ."

"ಗೊತ್ತು."

"ಗೊತ್ತಿದ್ರೆ ಅತ್ತೆಗೆ ಹೇಳು."

"ನೀವು ಹೇಳಿ."

"ನಾನು ಅಳಿಯ ಕಣೋ. ಅಳಿಯ ಹೇಳಿದ್ದು ಯಾವ ಅತ್ತೆ ಕೇಳಿದಾಳೆ?"

ಎಸೆನ್ ಸ್ಕ್ರೂಡ್ರೈವರನ್ನು ಕೆಳಗಿಟ್ಟನು. "ಏನಂತ ಹೇಳ್ಲಿ, ಭಾವ? ನಿನ್ನ ಪ್ರಾರ್ಥನೆ ಪಂಪಿಗೆ ಒಗ್ಗಲ್ಲ ಅಂತ್ಲಾ? ನಾನು ಹೊರಟ ಮೇಲೆ ಅವಳಿಗೆ ನಿದ್ದೆ ಬರೋದು ಆ ಒಂದು ಗಿಂಡಿಯಿಂದ. ಅದನ್ನೂ ಕಿತ್ಕೊಂಡ್ರೆ..."

ಬೆಯ್ಶೆನ್ ಗಡ್ಡ ಕೆರೆದುಕೊಂಡನು. ಆಮೇಲೆ ತನ್ನ ಸಾಮಾನಿನ ಡಬ್ಬಿಯಿಂದ ಯಾವುದೋ ಸತ್ತ ಕಾರಿನ ಪ್ಲಾಸ್ಟಿಕ್ ಬಾಟಲಿಯೊಂದನ್ನು ಹೊರತೆಗೆದನು.

"ಇದನ್ನ ಬ್ಯಾಟರಿ ಪಕ್ಕ ತಂತಿ ಹಾಕಿ ಕೂರಿಸ್ತೀನಿ. ಮುಚ್ಚಳ ಇದೆ, ನೋಡೋಕೆ ಗಂಭೀರವಾಗಿದೆ. ತಳದಲ್ಲಿ ಒಂದು ಟ್ಯೂಬು. ಅತ್ತೆ ಮೇಲಿಂದ ಹಾಕ್ಲಿ, ನೀರು ತಾನಾಗಿ ಕೆಳಗೆ ಹೋಗ್ಲಿ. ಅವಳ ಮನಸ್ಸೂ ತಣ್ಣಗೆ, ನಿನ್ನ ಎಂಜಿನ್ನೂ ತಣ್ಣಗೆ."

"ಅವ್ವನಿಗೆ ಮೋಸ ಮಾಡೋದಾ?"

"ಬಂಕಿನ ಹಿಂದೆ ಮಾಡ್ತಿದ್ದೆಯಲ್ಲ, ಅದೇನು ನಮಾಜಾ?"

ಎಸೆನ್ ಸ್ಕ್ರೂಡ್ರೈವರನ್ನು ಮತ್ತೆ ಕೈಗೆತ್ತಿಕೊಂಡನು. ಬೆಯ್ಶೆನ್ ಅದನ್ನೇ ಒಪ್ಪಿಗೆಯೆಂದು ಎಣಿಸಿ ತಂತಿಯನ್ನು ಹುಡುಕತೊಡಗಿದನು.

ಪಂಪು ಕುಳಿತುಕೊಳ್ಳುವ ಜಾಗವನ್ನು ಅವರು ಸರದಿಯಂತೆ ಉಜ್ಜಿದರು. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳು ಲೋಹಕ್ಕೆ ಅಂಟಿಕೊಂಡು ಬಿಡಲೊಲ್ಲದೆ ಇದ್ದವು. ಹೊಸ ಪಂಪನ್ನು ಇಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದರು. ರೇಡಿಯೇಟರು ಕುಳಿತಿತು, ಕೊಳವೆಗಳು ತಮ್ಮ ಬಾಯಿಗಳನ್ನು ಕಂಡುಕೊಂಡವು. ಬಿಸಿ ತಾಗಿದಾಗ ತೆರೆದು ನೀರಿಗೆ ದಾರಿ ಬಿಡಬೇಕಾದ ಹೊಸ ಥರ್ಮೋಸ್ಟಾಟನ್ನು ಕೈಯಲ್ಲಿ ತೂಗಿ ನೋಡಿದ ಬೆಯ್ಶೆನ್ ಮನೆಯತ್ತ ಕೂಗಿ ಹೇಳಿದನು: "ಅತ್ತೇ, ಒಂದು ಕೆಟಲ್ ಕುದಿಯೋ ನೀರು ಕೊಡ್ತೀರಾ? ಬಜಾರಿನವರು ಒಳ್ಳೇ ಮಾಲು ಕೊಟ್ರೋ ಇಲ್ವೋ ಅಂತ ನೋಡ್ಬೇಕು."

ಬಾಗಿಲಿನಿಂದ ಜೂರಾಕಾನ್ ಹೊರಬಂದಳು. ಒಂದು ಕೈಯಲ್ಲಿ ಅಲ್ಯುಮಿನಿಯಮ್ ಕೆಟಲು, ಇನ್ನೊಂದರಲ್ಲಿ ಬ್ರೆಡ್ಡನ್ನು ಸುತ್ತಿದ ಬಟ್ಟೆ. ಮೆಟ್ಟಿಲಿನಲ್ಲಿ ಒಂದೊಂದೇ ಕಾಲನ್ನು ಇಳಿಸಿ, ಎರಡೂ ಕಾಲುಗಳು ಕೂಡಿದ ಮೇಲೆಯೇ ಮುಂದಿನ ಮೆಟ್ಟಿಲಿಗೆ ಇಳಿಯುತ್ತಿದ್ದಳು.

"ಅಳಿಯಂದ್ರು ಬೆಳಿಗ್ಗೆಯಿಂದ ಬಗ್ಗಿದ್ದು ಬಗ್ಗೇ ಇದ್ದೀರಿ. ನಿಮ್ಮನೇಲಿ ಇಷ್ಟು ಕೆಲಸ ಮಾಡಿದ್ರೆ ನನ್ನ ಮಗಳು ಹಬ್ಬ ಮಾಡ್ತಿದ್ಲು."

"ನಿಮ್ಮ ಮಗಳ ಎದುರು ಬಗ್ಗಿ ಬಗ್ಗಿಯೇ ಅತ್ತೆ, ಈ ಬೆನ್ನು ಹೀಗಾಗಿದ್ದು."

ಅವಳು ನಕ್ಕಳು. ಬೆಯ್ಶೆನ್ ಕೆಟಲನ್ನು ತೆಗೆದುಕೊಂಡು ಮುಚ್ಚಳ ತೆರೆದು ಗೋಣಿಯ ಮೇಲಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ಒಳಗೆ ಇಳಿಬಿಟ್ಟನು. ಮೂವರೂ ಬಗ್ಗಿ ನೋಡಿದರು. ಮೊದಲು ಏನೂ ಆಗಲಿಲ್ಲ. ಅನಂತರ ಆ ಚಿಕ್ಕ ಹಿತ್ತಾಳೆಯ ತಟ್ಟೆ, ನಿದ್ದೆಯಿಂದೇಳುವವನ ರೆಪ್ಪೆಯಂತೆ, ನಿಧಾನವಾಗಿ ಮೇಲಕ್ಕೆದ್ದು ಬಾಯಿ ತೆರೆಯಿತು.

"ಜೀವ ಇದೆ," ಎಂದನು ಬೆಯ್ಶೆನ್.

ಜೂರಾಕಾನಳ ದೃಷ್ಟಿ ಅಲ್ಲಿಂದ ಸರಿದಿತ್ತು. ಕೆಟಲಿನ ಒಳಗೋಡೆಯ ಮೇಲೆ ಬಿಳಿಯ ಹೊಪ್ಪಳೆ ಪದರಪದರವಾಗಿ ಕಟ್ಟಿತ್ತು. ಬುಗ್ಗೆಯ ನೀರನ್ನೇ ಕಾಯಿಸುವ ಪಾತ್ರೆ ಅದು. ಅದರ ಪಕ್ಕದಲ್ಲಿ, ಒಂದು ಗೇಣಿನಷ್ಟು ದೂರದಲ್ಲಿ, ಹಳೆಯ ಪಂಪು ಮಲಗಿತ್ತು. ಅವಳು ಕೆಟಲನ್ನು ನೋಡಿದಳು, ಪಂಪನ್ನು ನೋಡಿದಳು. ಮೆಲ್ಲನೆ ಮಂಡಿ ಮಡಚಿ ಕೆಳಗೆ ಕುಳಿತು ಪಂಪನ್ನು ಕೈಗೆತ್ತಿಕೊಂಡಳು. ತಿಂದುಹೋದ ರೆಕ್ಕೆಗಳ ಮೇಲೆ ಹೆಬ್ಬೆರಳನ್ನು ಆಡಿಸಿದಳು. ಆಮೇಲೆ ಅದೇ ಬೆರಳನ್ನು ಕೆಟಲಿನ ಕಂಠದ ಒಳಗೆ ಆಡಿಸಿದಳು.

ಎಸೆನ್ ಬೇರೆ ಕಡೆ ನೋಡಿದನು. ಬೆಯ್ಶೆನ್ ದಾರವನ್ನು ಹಿಡಿದೇ ಇದ್ದನು.

"ಕೆಟಲಿಗೆ ನಾನು ವಿನೆಗರ್ ಹಾಕಿ ಕೆರೀತೀನಿ," ಎಂದಳು ಜೂರಾಕಾನ್. "ಅದರೊಳಗೆ ಕೈ ಹೋಗುತ್ತೆ. ಇದರೊಳಗೆ ಯಾರ ಕೈ ಹೋಗ್ಬೇಕು." ಪಂಪನ್ನು ಇದ್ದಲ್ಲಿಯೇ, ಇದ್ದ ಹಾಗೆಯೇ ಇಟ್ಟಳು. "ಬ್ರೆಡ್ ಬಿಸಿ ಇದೆ, ತಿನ್ನಿ."

ಅವಳು ಒಳಗೆ ಹೋದ ಮೇಲೆ ಇಬ್ಬರೂ ಬ್ರೆಡ್ಡನ್ನು ಮುರಿದುಕೊಂಡು ತಿಂದರು. ಇಳಿಹೊತ್ತಿನಲ್ಲಿ ಕೂಲಂಟ್ ತುಂಬಿ ಎಂಜಿನ್ ಚಾಲೂ ಮಾಡಿ, ಕೊಳವೆಗಳನ್ನು ಕೈಯಿಂದ ಹಿಚುಕಿ ಒಳಗಿನ ಗಾಳಿಯನ್ನು ಹೊರಡಿಸಿದರು. ಗುಳ್ಳೆಗಳು ಬಂದು ಬಂದು ನಿಂತವು. ಮುಳ್ಳು ಮೇಲಕ್ಕೇರಿ, ನಟ್ಟನಡುವೆ ನಿಂತು, ಅಲ್ಲಿಂದ ಕದಲಲಿಲ್ಲ. ಕಾರಿನೊಳಗಿನ ಜಾಲರಿಯಿಂದ ಎಷ್ಟೋ ಚಳಿಗಾಲಗಳ ಬಳಿಕ ಬಿಸಿಗಾಳಿ ಬೀಸಿತು. ಬೆಯ್ಶೆನ್ ಕೊನೆಗೆ ಆ ಪ್ಲಾಸ್ಟಿಕ್ ಬಾಟಲಿಯನ್ನೂ ಬ್ಯಾಟರಿಯ ಪಕ್ಕದಲ್ಲಿ ಬಿಗಿದನು.

"ಇನ್ಯಾಕೆ ಅದು, ಭಾವ? ನೋಡಿದ್ಲಲ್ಲ ಅವ್ವ."

"ನೋಡೋದು ಬೇರೆ, ಬಿಡೋದು ಬೇರೆ. ಇರ್ಲಿ, ಅನ್ನ ಕೇಳುತ್ತಾ ಅದು?"

ಮನೆಯೊಳಗಿನಿಂದ ಚಾಕುವಿನಿಂದ ಲೋಹವನ್ನು ಕೆರೆಯುವ ಸದ್ದು ಬರುತ್ತಿತ್ತು. ಬೆಯ್ಶೆನ್ ಸಾಮಾನು ಕಟ್ಟಿಕೊಂಡು ಹೋಗುವವರೆಗೂ ಅದು ನಿಲ್ಲಲಿಲ್ಲ.

ಬೆಳಗ್ಗೆ ಅಂಗಳದ ಪಾಪ್ಲರ್ ಮರದ ಉದುರಿದೆಲೆಗಳ ಮೇಲೆ ಮಂಜು ಉಪ್ಪಿನಂತೆ ಕುಳಿತಿತ್ತು. ಸೂರ್ಯನು ಇನ್ನೂ ಬೆಟ್ಟದಾಚೆಯೇ ಇದ್ದನು. ಎಸೆನ್ ಎಂಜಿನ್ ಚಾಲೂ ಮಾಡಿ ಕಾದನು. ತಾಯಿಯ ಕೋಣೆಯ ಹಾಸಿಗೆ ಮಡಿಚಿ ಇಟ್ಟಿತ್ತು, ಕೋಣೆಯಲ್ಲಿ ಅವಳಿರಲಿಲ್ಲ. ನಾರಿನ್ನಿನ ಬಸ್ ನಿಲ್ದಾಣದಲ್ಲಿ ಜನ ಕಾಯುತ್ತಿದ್ದರು. ಫೋನು ಒಮ್ಮೆ ಬಡಿದುಕೊಂಡು ಸುಮ್ಮನಾಯಿತು. "ಹೊರಡಿ, ಅತ್ತೆಗೆ ನಾನು ಹೇಳ್ತೀನಿ," ಎಂದು ಹೆಂಡತಿ ಕಿಟಕಿಯಿಂದ ಹೇಳಿದಳು. ಅವನು ಹೊರಡಲಿಲ್ಲ.

ಜೂರಾಕಾನ್ ದಿಣ್ಣೆಯ ಕಡೆಯಿಂದ ಬಂದಳು. ಬುಗ್ಗೆಯ ದಾರಿಯಲ್ಲಿ ಹತ್ತಿ ಇಳಿದ ಉಸಿರು ಇನ್ನೂ ತಹಬಂದಿಗೆ ಬಂದಿರಲಿಲ್ಲ. ಅಡುಗೆಮನೆಗೆ ಹೋಗಿ, ನೀರು ಬೆಚ್ಚಗಾಗುವವರೆಗೂ ಅಲ್ಲಿಯೇ ನಿಂತಿದ್ದು, ಗಿಂಡಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದು ಎಂದಿನ ಜಾಗದಲ್ಲಿ ನಿಂತಳು.

"ತೆಗಿ."

ಅವನು ಎಂಜಿನ್ ಆರಿಸಿ ಬಾನೆಟ್ಟನ್ನು ಎತ್ತಿದನು. ಹೊಸ ಭಾಗಗಳು ಆ ಹಳೆಯ ಯಂತ್ರದ ನಡುವೆ ಕಟ್ಟಿಸಿಕೊಂಡ ಹಲ್ಲುಗಳಂತೆ ಕಾಣುತ್ತಿದ್ದವು. ಬಿಗಿದ ಹೊಸ ಮುಚ್ಚಳದತ್ತ ಅವನ ಕೈ ಹೋಗಲಿಲ್ಲ. ನಾಚುತ್ತ, ಭಾವ ಕೂರಿಸಿದ್ದ ಬಾಟಲಿಯ ಮುಚ್ಚಳವನ್ನು ತಿರುಗಿಸಿ ತೆಗೆದನು.

"ಇಲ್ಲಿಗೆ ಹಾಕವ್ವ. ಈಗ ಇದು ಇಲ್ಲಿ."

ಜೂರಾಕಾನ್ ಗಿಂಡಿಯನ್ನು ಬಾಗಿಸಲಿಲ್ಲ. ಬಿಡುವಾಗಿದ್ದ ಕೈಯಿಂದ ಬಾಟಲಿಯ ತಳವನ್ನು ಮುಟ್ಟಿದಳು. ಅಲ್ಲಿಂದ ಹೊರಟ ಟ್ಯೂಬನ್ನು ಬೆರಳಿನಿಂದ ಹಿಂಬಾಲಿಸುತ್ತ, ಅದು ಬ್ಯಾಟರಿಯನ್ನು ಬಳಸಿ, ಚಕ್ರದ ಪಕ್ಕಕ್ಕೆ ಬಂದು ಗಾಳಿಯಲ್ಲಿ ಕೊನೆಗೊಳ್ಳುವವರೆಗೂ ಹೋದಳು.

"ಇದರ ಬಾಲ ನೆಲ ನೋಡ್ತಿದೆಯಲ್ಲ, ಮಗ."

"ಭಾವ ಹಾಕಿದ್ದು," ಎಂದನು ಎಸೆನ್. ತಲೆ ನರೆತ ಗಂಡಸಿನ ಬಾಯಿಂದ ಆ ಮಾತು ಹುಡುಗನದಾಗಿ ಹೊರಬಂದಿತು.

"ಗೊತ್ತು. ನಿಂಗೆ ಇಷ್ಟು ಬುದ್ಧಿ ಎಲ್ಲಿಂದ ಬರ್ಬೇಕು." ಅವಳ ದನಿಯಲ್ಲಿ ಕೋಪವಿರಲಿಲ್ಲ. "ನಿಮ್ಮಪ್ಪನ ಲಾರಿ ಅಡಿಗೆ ನುಗ್ಗಿ ಎಷ್ಟು ಚಳಿಗಾಲ ಬಕೆಟ್ ಹಿಡಿದಿದೀನಿ ನಾನು. ಯಾವ ಕೊಳವೆ ಎಲ್ಲಿಗೆ ಹೋಗುತ್ತೆ ಅಂತ ನಂಗೆ ಹೇಳ್ಕೊಡ್ತೀರಾ?"

ಅವನು ತಲೆ ತಗ್ಗಿಸಿಯೇ ಕೇಳಿದನು: "ನಿನ್ನೆ ಎಲ್ಲಾ ನೋಡಿದೆಯಲ್ಲ. ಮತ್ಯಾಕೆ ಹೋದೆ ಬುಗ್ಗೆಗೆ?"

"ಎಚ್ಚರ ಆಯ್ತು. ಕಾಲು ತಾನಾಗೇ ಅತ್ತ ಹೋಯ್ತು." ಅವಳು ಗಿಂಡಿಯನ್ನು ಎದೆಗೆ ಒತ್ತಿಕೊಂಡಳು. "ತುಂಬ್ಕೊಂಡ ಮೇಲೆ, ಇದನ್ನ ಎಲ್ಲಿ ಸುರೀಲಿ ಅಂತ ದಾರಿಯುದ್ದಕ್ಕೂ ಯೋಚಿಸ್ತಾ ಬಂದೆ."

ಫೋನು ಮತ್ತೆ ಬಡಿದುಕೊಂಡಿತು. ಇಬ್ಬರೂ ಅದರತ್ತ ನೋಡಲಿಲ್ಲ. ಜೂರಾಕಾನ್ ಮೆಲ್ಲನೆ ತಿರುಗಿ ಪಾಪ್ಲರ್ ಮರದ ಕಡೆಗೆ ಹೆಜ್ಜೆ ಇಟ್ಟಳು. ಪವಿತ್ರವಾದ ನೀರನ್ನು ಜನ ತುಳಿಯುವ ಜಾಗದಲ್ಲಿ ಚೆಲ್ಲುವಂತಿಲ್ಲ. ಮರದ ಬುಡಕ್ಕೆ ಎರೆಯಬಹುದು.

ಎಸೆನ್ ಬಾಟಲಿಯನ್ನು ಹಿಡಿದು ಎಳೆದನು. ತಂತಿ ಬಿಚ್ಚಿಕೊಂಡಿತು. ಅದನ್ನು ಟ್ಯೂಬಿನ ಸಮೇತ ಗೋಡೆಯ ಪಕ್ಕಕ್ಕೆ ಇಟ್ಟು, ಬಾನೆಟ್ಟನ್ನು ಮುಚ್ಚಿದನು. ಆಮೇಲೆ ತಾಯಿಯ ಮುಂದೆ ಹೋಗಿ, ಮನೆಗೆ ಬಂದ ಅತಿಥಿ ಊಟಕ್ಕೆ ಮೊದಲು ಕೈ ತೊಳೆಸಿಕೊಳ್ಳಲು ನಿಲ್ಲುವಂತೆ, ಎರಡು ಕೈಗಳನ್ನೂ ಒಟ್ಟಾಗಿ ಚಾಚಿ ಬಗ್ಗಿ ನಿಂತನು.

"ಅವ್ವ, ಕೈ ಗಲೀಜಾಗಿದೆ."

ಅವಳು ಆ ಕೈಗಳನ್ನು ನೋಡಿದಳು. ನಿನ್ನೆಯ ಗ್ರೀಸು ಉಗುರಿನ ಸಂದುಗಳಲ್ಲಿ, ಗೆಣ್ಣಿನ ಮಡಿಕೆಗಳಲ್ಲಿ, ಅಂಗೈಯ ರೇಖೆಗಳಲ್ಲಿ ಕಪ್ಪಾಗಿ ಕುಳಿತಿತ್ತು. ರಾತ್ರಿ ಸೋಪಿನಿಂದ ಎಷ್ಟು ಉಜ್ಜಿದರೂ ಅದು ಹೋಗಿರಲಿಲ್ಲ. ಗಿಂಡಿಯ ನೀರಿಗೂ ಅದು ಹೋಗುವುದಿಲ್ಲವೆಂದು ಇಬ್ಬರೂ ಬಲ್ಲರು.

ಜೂರಾಕಾನ್ ಗಿಂಡಿಯನ್ನು ಶಾಲಿನಿಂದ ಬಿಡಿಸಿದಳು. ಬಾಯೊಳಗೆ ದೇವರ ಹೆಸರು ಹೇಳಿಕೊಂಡು, ನೀರನ್ನು ಸಣ್ಣ ಧಾರೆಯಾಗಿ ಎರೆಯತೊಡಗಿದಳು. ಅದು ಬೆಚ್ಚಗಿತ್ತು. ಚಳಿಯ ಗಾಳಿಯಲ್ಲಿ ಅವನ ಕೈಗಳಿಂದ ಆವಿ ಏಳುತ್ತಿತ್ತು. ಅವನು ಅವಸರಪಡಲಿಲ್ಲ, ಒಂದು ಕೈಯನ್ನು ಇನ್ನೊಂದರ ಮೇಲೆ ಹೊರಳಿಸುತ್ತ, ಗಿಂಡಿ ಬರಿದಾಗುವ ತನಕ ಹಾಗೆಯೇ ಬಗ್ಗಿ ನಿಂತಿದ್ದನು. ತೊಳೆದ ಕೈಯನ್ನು ಕೊಡವುವ ಪದ್ಧತಿ ಈ ನಾಡಿನಲ್ಲಿಲ್ಲ. ಕೊಡವಿದರೆ ಮನೆಯ ಭಾಗ್ಯ ಚೆಲ್ಲಿಹೋಗುವುದೆಂದು ಹಿರಿಯರು ಹೇಳುತ್ತಾರೆ. ಒರೆಸಲು ಅವಳು ಬಟ್ಟೆ ತಂದಿರಲಿಲ್ಲ. ಅವನು ಒದ್ದೆಯ ಅಂಗೈಗಳನ್ನು ಹಾಗೆಯೇ ಬಿಡಿಸಿ ಹಿಡಿದನು, ಅವಳೂ ಹಿಡಿದಳು.

"ದಾರಿ ಬೆಳ್ಳಗಿರಲಿ," ಎಂದಳು.

ಹಾರೈಕೆ ಮುಗಿಸಿ ಇಬ್ಬರೂ ಅಂಗೈಗಳಿಂದ ಮುಖ ಸವರಿಕೊಂಡರು. ಅವನು ಕಾರನ್ನೇರಿ ಗೇಟು ದಾಟುವಾಗ ಕನ್ನಡಿಯಲ್ಲಿ ನೋಡಿದನು. ಅವಳು ಗೇಟಿನ ಕಲ್ಲಿನ ಮೇಲೆ ಕುಳಿತಿರಲಿಲ್ಲ. ಬರಿದಾದ ಗಿಂಡಿಯನ್ನು ಹಿಡಿದು, ಒಂದೊಂದೇ ಕಾಲನ್ನು ಎತ್ತಿಡುತ್ತ, ಮನೆಯ ಮೆಟ್ಟಿಲನ್ನು ಹತ್ತುತ್ತಿದ್ದಳು.

ದೊಲೋನಿನ ಏರು ಹತ್ತುವ ಹೊತ್ತಿಗೆ ಪ್ರಯಾಣಿಕರಲ್ಲಿ ಮಾತು ಮುಗಿದಿತ್ತು. ಮುಂದಿನ ಸೀಟಿನ ಮುದುಕನು ಕಾಲ ಬಳಿ ಬೀಸುವ ಬಿಸಿಗಾಳಿಗೆ ಬೂಟು ಸಡಿಲಿಸಿ ತೂಕಡಿಸುತ್ತಿದ್ದನು. ಹಿಂದೆ ಒಂದು ಮಗು ತಾಯಿಯ ಮಡಿಲಲ್ಲಿ ಬಾಯಿ ತೆರೆದು ನಿದ್ರಿಸಿತ್ತು. ಮುಳ್ಳು ನಡುವೆ ನಿಂತದ್ದು ನಿಂತಂತೆಯೇ ಇತ್ತು. ಮೇಲಣ ತಿರುವು ಬಂದಾಗ ಎಸೆನ್ ಎಂದಿನಂತೆ ವೇಗ ತಗ್ಗಿಸಿದನು. ಸ್ಟಿಯರಿಂಗನ್ನು ಹಿಡಿದ ಅವನ ಬೆರಳುಗಳು ಎಂದೋ ಒಣಗಿದ್ದವು. ಗೆಣ್ಣುಗಳ ಮೇಲೆ, ಗ್ರೀಸಿನ ಕಪ್ಪಿನ ನಡುವೆ, ಆರಿದ ನೀರು ಎಳೆಯ ಬಿಳಿ ಗೆರೆಗಳನ್ನು ಬಿಟ್ಟುಹೋಗಿತ್ತು.